ಹಳೆ ಎಂಜಿನ್ ಕೊಳ್ಳೋಕೆ ಹೊರಟರೆ ಜೇಬಲ್ಲೊಂದು ಬ್ಯಾಟರಿ ಇರಲಿ

ಸೆಕೆಂಡ್ ಹ್ಯಾಂಡ್ ಮಾಡೆಲ್ ರೈಲು ನೋಡೋಕೆ ಹೋಗುವಾಗ 9 ವೋಲ್ಟಿನ ಚೌಕ ಬ್ಯಾಟರಿ, ಎರಡು ತುಂಡು ವೈರ್ ಒಯ್ಯಿರಿ. ಎಂಜಿನ್ ಅಂಗಾತ ಮಲಗಿಸಿ ಒಂದು ವೈರ್ ಎಡಗಡೆ ಚಕ್ರಕ್ಕೆ, ಇನ್ನೊಂದು ಬಲಗಡೆ ಚಕ್ರಕ್ಕೆ ತಾಗಿಸಿ. ಎರಡು ಹಳಿಯ, ಅಸಲಿ ರೈಲಿನ 87ರಲ್ಲೊಂದು ಪಾಲು ಅಳತೆಯ ಎಚ್‌ಓ ಎಂಜಿನ್‌ಗಳು 12 ವೋಲ್ಟ್ ಡಿಸಿಯವು, ಕರೆಂಟ್ ಬರೋದೂ ಚಕ್ರದಿಂದಲೇ; ಹಾಗಾಗಿ ಮೋಟಾರ್ ಚೆನ್ನಾಗಿದ್ದರೆ ಅಲ್ಲೇ ತಿರುಗುತ್ತೆ. ಸ್ಟೀಮ್ ಎಂಜಿನ್ ಆದರೆ ಟೆಂಡರ್ (ಹಿಂದೆ ಜೋಡಿಸಿರುವ ಕಲ್ಲಿದ್ದಲು-ನೀರಿನ ಬಂಡಿ) ಚಕ್ರವನ್ನೂ ಮುಟ್ಟಿಸಿ ನೋಡಿ. ತಡವರಿಸಿ ತಿರುಗಿದರೆ ಬಹುಪಾಲು ಚಕ್ರದಂಚಿನ ಕಪ್ಪು ಕೊಳೆ ಅಷ್ಟೇ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ. ಹೊಸದನ್ನು ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಕೈ ಸುಡುವ ಈ ಕಾಲದಲ್ಲಿ, ‘ಓಡಲ್ಲ’ ಅಂತ ಅಗ್ಗಕ್ಕೆ ಕೊಡುವ ಇಂಥವೇ ನಿಜವಾದ ಲಾಭ ಅನ್ನೋದು ನನ್ನ ಲೆಕ್ಕ. ಮೋಟಾರ್ ಗುಂಯ್ ಅಂದರೂ ಚಕ್ರ ಅಲ್ಲಾಡದಿದ್ದರೆ ಗೇರ್ ಸೀಳಿರಬಹುದು, ಬಿಡಿಭಾಗ ಸಿಗೋದು ಖಾತ್ರಿಯಾಗದೆ ದುಡ್ಡು ಕೊಡಬೇಡಿ. ಡಿಸಿಸಿ ಡಿಕೋಡರ್ (ಡಿಜಿಟಲ್ ಆದೇಶ ಕೇಳಿ ಎಂಜಿನ್ ಓಡಿಸುವ ಪುಟ್ಟ ಸರ್ಕ್ಯೂಟ್) ಇರುವ ಎಂಜಿನ್ ಸರಿಯಿದ್ದರೂ ಬ್ಯಾಟರಿಗೆ ಸುಮ್ಮನಿರಬಹುದು. ಜರ್ಮನಿಯ ಮಾಡೆಲ್ ರೈಲು ಕಂಪನಿ ಮಾರ್ಕ್ಲಿನ್‌ನ ಮೂರು ಹಳಿ ಪದ್ಧತಿಯ ಎಂಜಿನ್‌ಗಂತೂ ಹೀಗೆ ಮಾಡಲೇಬೇಡಿ: ಅದರ ಎರಡೂ ಕಡೆಯ ಚಕ್ರ ಒಂದೇ ಧ್ರುವ, ಬ್ಯಾಟರಿ ಶಾರ್ಟ್ ಆಗುತ್ತೆ.