ಎಲೆ ಉದುರಿಸುವ ಮರ: ನೋಡುವ ಕಾಲ, ಅಂಗಳಕ್ಕೆ ಆರಿಸುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮರಗಳು ಎಲೆ ಉದುರಿಸುವುದು ಅಕ್ಟೋಬರಿನಲ್ಲಲ್ಲ. ಆಗಿನ್ನೂ ಮಳೆಯ ತೇವ ನೆಲದಲ್ಲಿರುತ್ತದೆ, ಬೇವು ಹೊಂಗೆ ಕಡುಹಸಿರಾಗಿಯೇ ಇರುತ್ತವೆ. ಸಂಕ್ರಾಂತಿ ಕಳೆದ ಮೇಲೆ ಉದುರಲು ಶುರುವಾಗಿ, ಶಿವರಾತ್ರಿ ಹೊತ್ತಿಗೆ ಜೋರಾಗಿ, ಯುಗಾದಿಗೆ ಬಹುಪಾಲು ಮುಗಿಯುತ್ತದೆ. ಚಳಿದೇಶದ ಮೇಪಲ್, ಓಕ್ ಮರಗಳು ಹಗಲು ಗಿಡ್ಡವಾಗುವುದನ್ನೂ ಚಳಿ ಬೀಳುವುದನ್ನೂ ನೋಡಿ ಎಲೆ ಬಿಡುತ್ತವೆ. ನಮ್ಮ ಮರಗಳು ನೆಲದ ತೇವ ಆರುವುದನ್ನು ನೋಡಿ ಬಿಡುತ್ತವೆ. ಬಣ್ಣ ಬರುವ ಬಗೆ ಮಾತ್ರ ಎರಡೂ ಕಡೆ ಒಂದೇ. ಎಲೆಯ ಹಸಿರು ಕ್ಲೋರೋಫಿಲ್ ಒಡೆದುಹೋದಾಗ ಅದರ ಹಿಂದೆ ಮುಚ್ಚಿಕೊಂಡಿದ್ದ ಹಳದಿ ಕೆರೊಟಿನಾಯ್ಡ್ ಕಾಣಿಸುತ್ತದೆ. ಕೆಲವು ಮರಗಳು ಆಂಥೋಸಯಾನಿನ್ ಎಂಬ ಕೆಂಪು ಬಣ್ಣವನ್ನು ಆಗ ಹೊಸದಾಗಿ ತಯಾರಿಸುತ್ತವೆ.

ಇದರಿಂದ ಅಂಗಳದ ಮರಕ್ಕೆ ಒಂದು ತೊಡಕು ಬರುತ್ತದೆ. ಚಳಿದೇಶದಲ್ಲಿ ಮರ ಬೋಳಾಗುವುದು ಬಿಸಿಲು ಬೇಕೆನಿಸುವ ತಿಂಗಳುಗಳಲ್ಲಿ, ನಮ್ಮಲ್ಲಿ ಬಿಸಿಲು ಏರುವ ಹೊತ್ತಿಗೆ. ಹೀಗಾಗಿ ಮರ ಆರಿಸುವಾಗ ಬಣ್ಣ ಯಾವುದು, ಹೂ ಎಂಥದು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಒಂದೇ: ಬೋಳಾದ ಮರಕ್ಕೆ ನೆರಳು ವಾಪಸ್ ಬರುವುದು ಯಾವಾಗ?

ಎಲ್ಲಿ, ಯಾವಾಗ ನೋಡಬೇಕು

ಡಿಸೆಂಬರ್ ಕೊನೆಯಿಂದ ಕಾಡುಬಾದಾಮಿಯನ್ನು ನೋಡಿ. ಶಾಲೆ, ಕಚೇರಿಗಳ ಅಂಗಳದಲ್ಲಿ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿಕೊಂಡು ನಿಂತಿರುವ, ಅಂಗೈಗಿಂತ ಅಗಲ ಎಲೆಯ ಮರ ಅದು. ಉದುರುವ ಮುಂಚೆ ಎಲೆಗಳು ನಿಜವಾಗಿಯೂ ಕೆಂಪಾಗುತ್ತವೆ; ವಿದೇಶದ ಫೋಟೋಗಳಲ್ಲಿ ಕಾಣುವ ಕೆಂಪು ನಮ್ಮ ಊರಲ್ಲಿ ಸಿಗುವುದು ಹೆಚ್ಚುಕಡಿಮೆ ಇದರಲ್ಲೇ. ಸಂಡೂರು ಗುಡ್ಡಗಳಲ್ಲಿ ಜನವರಿ, ಫೆಬ್ರವರಿಗೆ ದಿಂಡಿಗದ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಅದೇ ಹೊತ್ತಿಗೆ ಬಾಗೆ ಮರದಲ್ಲಿ ಎಲೆ ಇರುವುದಿಲ್ಲ, ಒಣಹುಲ್ಲಿನ ಬಣ್ಣದ ಚಪ್ಪಟೆ ಕಾಯಿಗಳಷ್ಟೇ ಗೊಂಚಲಾಗಿ ತೂಗಾಡುತ್ತವೆ. ಸ್ವಲ್ಪ ಗಾಳಿ ಬಂದರೂ ಒಳಗಿನ ಬೀಜ ಗಲಗಲ ಎನ್ನುತ್ತದೆ.

ಫೆಬ್ರವರಿ, ಮಾರ್ಚ್ ಹೂವಿನ ಕಾಲ. ಮುತ್ತುಗ ಬರಿಯ ಕೊಂಬೆಯ ಮೇಲೆ ಹೂ ಬಿಡುತ್ತದೆ. ಹತ್ತಿರ ಹೋಗಿ ಒಂದು ಹೂ ಕೈಗೆತ್ತಿಕೊಂಡು ನೋಡಿ: ತೊಟ್ಟಿನ ಬಟ್ಟಲು ಕಪ್ಪುಗಂದು ಮಖಮಲ್ಲು, ಅದರಿಂದ ಹೊರಟ ಕಿತ್ತಳೆ ದಳದ ತುದಿ ಗಿಣಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ಬೂರುಗದ್ದು ದಪ್ಪ ದಳದ ಕೆಂಪು ಹೂ, ನೆಲಕ್ಕೆ ಬಿದ್ದರೆ ಸದ್ದು ಕೇಳುತ್ತದೆ. ಅರಿಶಿನ ಬೂರುಗ ಬಂಡೆಗುಡ್ಡಗಳ ಸಂದಿಯಲ್ಲಿ, ಬೇರೇನೂ ಹಸಿರಿಲ್ಲದ ಜಾಗದಲ್ಲಿ ಹಳದಿ ಹೂ ಬಿಡುತ್ತದೆ. ಮಾರ್ಚಿಗೆ ಬೇವು, ಅರಳಿಯ ಚಿಗುರು. ಇವನ್ನು ಬೆಳಿಗ್ಗೆ 7ರಿಂದ 8.30ರೊಳಗೆ, ಸೂರ್ಯ ಮರದ ಆಚೆಗಿರುವಂತೆ ನಿಂತು ನೋಡಬೇಕು. ಬೆಳಕು ಎಳೆ ಎಲೆಯ ಒಳಗಿಂದ ಹಾದು ಬಂದರೆ ಮಾತ್ರ ಆ ತಾಮ್ರಗೆಂಪು ಕಾಣುವುದು. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಬರೀ ಮಂಕು ಕಂದು.

ಸಂಡೂರು, ದರೋಜಿ ಸುತ್ತಲಿನ ಗುಡ್ಡಗಳಲ್ಲಿ ಕರಡಿಗಳಿವೆ, ಕಕ್ಕೆಯ ಕಾಯಿ ಅವುಗಳಿಗೆ ಪ್ರಿಯ. ಸಂಜೆಯಾದ ಮೇಲೆ ಕುರುಚಲೊಳಗೆ ಇಳಿಯಬೇಡಿ. ಆನೆಗೊಂದಿಯ ಬಂಡೆಗಳು ಹತ್ತು ಗಂಟೆಗೆಲ್ಲ ಕಾಯುತ್ತವೆ, ಅಷ್ಟರೊಳಗೆ ಇಳಿದುಬಿಡಿ.

ಯಾವ ಮರ

ಸಸಿ ಕೊಳ್ಳುವ ಮೊದಲು ನಿಮ್ಮ ಓಣಿಯ ಮರಗಳನ್ನೇ ಒಂದು ಬೇಸಿಗೆ ಗಮನಿಸಿ. ಪ್ರತಿ ಮರಕ್ಕೂ ಎರಡು ತಾರೀಕು ಬರೆದಿಡಿ: ಪೂರ್ತಿ ಬೋಳಾದ ದಿನ, ಕೆಳಗೆ ಕುಳಿತುಕೊಳ್ಳುವಷ್ಟು ನೆರಳು ಬಂದ ದಿನ. ಯಾವ ಪುಸ್ತಕಕ್ಕಿಂತಲೂ ಇದು ನಂಬಿಕೆಗೆ ಅರ್ಹ, ಏಕೆಂದರೆ ಕಾಲುವೆ ನೀರಿನ ಗಂಗಾವತಿಯ ಬೇವಿಗೂ ಮಳೆಯನ್ನೇ ನಂಬಿದ ಕುಷ್ಟಗಿಯ ಬೇವಿಗೂ ತಾರೀಕು ಒಂದೇ ಆಗಿರಬೇಕೆಂದಿಲ್ಲ.

ನೆರಳೂ ಬೇಕು, ಋತು ಬದಲಾಗುವುದೂ ಕಾಣಬೇಕು ಎನ್ನುವವರಿಗೆ ಹೊಂಗೆಯೇ ಮೊದಲ ಆಯ್ಕೆ. ಹಳೆಯ ಎಲೆ ಹಳದಿಯಾಗಿ ಬೇಗ ಉದುರಿ, ಬೆನ್ನಿಗೇ ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರು ಬರುತ್ತದೆ. ಏಪ್ರಿಲ್ ಹೊತ್ತಿಗೆ ನೆರಳು ಗಟ್ಟಿ. ಬೇವೂ ಹೀಗೆಯೇ, ಆದರೆ ಅದಕ್ಕೆ ಜಾಗ ಹೆಚ್ಚು ಬೇಕು. ಕಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಹಳದಿ ಗೊಂಚಲು ಇಳಿಬಿಟ್ಟು ಕಣ್ಣು ತುಂಬಿಸುತ್ತದೆ, ನೆರಳನ್ನು ಮಾತ್ರ ಜೂನಿಗೆ ಮುಂದೂಡುತ್ತದೆ. ಗೇಟಿನ ಪಕ್ಕ ಅದಕ್ಕೆ ಸರಿಯಾದ ಜಾಗ, ಕಿಟಕಿಯ ಮುಂದೆ ಅಲ್ಲ. ಗುಲ್‌ಮೊಹರ್ ವಿಷಯವೂ ಅದೇ. ಸಾಲದ್ದಕ್ಕೆ ಬೇರು ಮೇಲುಮೇಲೆ, ಕೊಂಬೆ ಪೆಡಸು, ಮುಂಗಾರಿನ ಮೊದಲ ಗಾಳಿಗೇ ಮುರಿಯುತ್ತದೆ. ಮುತ್ತುಗ ನಿಧಾನ, ಹೊಲದ ಬದುವಿಗೆ ಅಥವಾ ದೊಡ್ಡ ಹಿತ್ತಲಿಗೆ ಒಪ್ಪುತ್ತದೆ. ಅರಳಿ, ಆಲ, ಬೂರುಗ ಮನೆಯ ಅಂಗಳಕ್ಕೆ ಬೇಡವೇ ಬೇಡ. ಅರಳಿಯ ಬೇರು ಗೋಡೆಯ ಬಿರುಕು ಹುಡುಕಿಕೊಂಡು ಬರುತ್ತದೆ.

ಆನ್‌ಲೈನಿನಲ್ಲಿ ಮೇಪಲ್ ಬೀಜ, ಸಸಿ ಮಾರುತ್ತಾರೆ. ಮೇಪಲ್‌ಗೆ ಚಳಿಗಾಲದ ನಿದ್ದೆ ಬೇಕು, 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಅಲ್ಲ. ಆ ಹಣಕ್ಕೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಹತ್ತಾರು ಹೊಂಗೆ ಸಸಿ ಬರುತ್ತವೆ.

ಎಲ್ಲಿ ನೆಡಬೇಕು

ತೆಂಕಣ ದಿಕ್ಕಿಗೆ ಮರ ನೆಡಿ ಎಂಬ ಸಲಹೆ ಚಳಿದೇಶದ್ದು. ಬಳ್ಳಾರಿ ಇರುವುದು 15 ಡಿಗ್ರಿ ಅಕ್ಷಾಂಶದಲ್ಲಿ, ರಾಯಚೂರು 16ರ ಆಸುಪಾಸಿನಲ್ಲಿ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೇ ಇರುತ್ತಾನೆ. ಆಗ ತೆಂಕಣದ ಮರದ ನೆರಳು ಮರದ ಬುಡದಲ್ಲೇ ಬೀಳುತ್ತದೆ, ಮನೆಗೆ ಸಿಗುವುದಿಲ್ಲ. ಗೋಡೆ ಕಾಯುವುದು 2ರಿಂದ 6ರವರೆಗಿನ ಪಡುವಣ ಬಿಸಿಲಿಗೆ. ಹೊಂಗೆ, ಬೇವು ಪಡುವಣಕ್ಕಿರಲಿ.

ಗೋಡೆಯಿಂದ ಹೊಂಗೆಗೆ 12 ಅಡಿ, ಬೇವು, ಕಾಡುಬಾದಾಮಿಗೆ 15ರಿಂದ 20, ಕಕ್ಕೆಗೆ 8ರಿಂದ 10 ಅಡಿ ಬಿಡಿ. ಸಂಪು, ಶೌಚದ ಗುಂಡಿಯಿಂದ ಕನಿಷ್ಠ 15 ಅಡಿ. ಮೇಲೆ ಕರೆಂಟಿನ ತಂತಿ ಇದ್ದರೆ ಬೇವು ನೆಡಬೇಡಿ, ವರ್ಷವರ್ಷ ತಲೆ ಕಡಿಸಿಕೊಂಡು ಕುರೂಪವಾಗುತ್ತದೆ. 30×40 ನಿವೇಶನದಲ್ಲಿ ಮನೆ ಕಟ್ಟಿ ಉಳಿಯುವುದು ನಾಲ್ಕೈದು ಅಡಿ. ಅಲ್ಲಿಗೆ ದೇವಕಣಗಿಲೆ ಸಾಕು. ಅದೂ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಕೊಂಬೆ ನೆಟ್ಟರೂ ಬರುತ್ತದೆ. ಕೊಯ್ದ ಕೊಂಬೆಯನ್ನು ಹಾಲು ಆರುವವರೆಗೆ ಒಂದು ವಾರ ನೆರಳಲ್ಲಿ ಒಣಗಿಸಿ ನೆಡಿ, ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ತಪ್ಪು ಜಾಗಕ್ಕೆ ದೊಡ್ಡ ಮರ ನೆಟ್ಟು ಆಮೇಲೆ ತೆಗೆಸುವುದು ಸುಲಭವಲ್ಲ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಹಲವು ಮರಗಳನ್ನು ಕಡಿಯಲು ಅನುಮತಿ ಕೇಳಬೇಕಾಗುತ್ತದೆ.

ಗುಂಡಿ, ಮಣ್ಣು, ಸಸಿ

ಏಪ್ರಿಲ್, ಮೇ ತಿಂಗಳಲ್ಲೇ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಗುಂಡಿ ತುಂಬ ನೀರು ಹಾಕಿ ಮರುದಿನ ನೋಡಿ. ನೀರು ಇನ್ನೂ ನಿಂತಿದ್ದರೆ ಬಸಿಯುವಿಕೆ ಕೆಟ್ಟದ್ದು ಎಂದರ್ಥ; ಆಗ ಏನು ಮಾಡಬೇಕೆಂಬುದು ಮಣ್ಣಿನ ಮೇಲೆ ನಿಂತಿದೆ.

ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಒಂದೂವರೆ, ಎರಡು ಅಡಿಗೆ ಗಟ್ಟಿ ಗರಸು ಸಿಗುವುದುಂಟು. ಹಾರೆಯಿಂದ ತಳದಲ್ಲಿ ಇನ್ನೊಂದು ಅಡಿ ಸಡಿಲ ಮಾಡಿ, ಇಲ್ಲವಾದರೆ ಬೇರು ಅಲ್ಲೇ ಸುತ್ತುತ್ತದೆ. ಎರೆ, ಅಂದರೆ ಕಪ್ಪು ಮಣ್ಣಿನ ಪಾಡು ಬೇರೆ. ಮಳೆಗೆ ಉಬ್ಬಿ ನೀರು ಹಿಡಿಯುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಅನೇಕರು ಎರೆಯಲ್ಲಿ ಗುಂಡಿ ತೋಡಿ ಪೂರ್ತಿ ಮರಳು, ಕೆಂಪು ಮಣ್ಣು ತುಂಬುತ್ತಾರೆ. ಸುತ್ತಲಿನ ಜಿಗುಟು ಮಣ್ಣಿನಿಂದ ನೀರು ಆ ಗುಂಡಿಗೇ ಇಳಿದು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ತೆಗೆದ ಮಣ್ಣನ್ನೇ ಗೊಬ್ಬರ ಬೆರೆಸಿ ವಾಪಸ್ ತುಂಬಿ, ನೆಲಮಟ್ಟದಿಂದ ಒಂದು ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡುವುದು ಸರಿ. ಸಿಂಧನೂರು, ಸಿರುಗುಪ್ಪ, ಗಂಗಾವತಿಯ ಕಾಲುವೆ ಪ್ರದೇಶದಲ್ಲಿ ನೆಲದ ಮೇಲೆ ಬಿಳಿ ಉಪ್ಪಿನ ಪರೆ ಕಂಡರೆ ಅದು ಸವಳು. ಅಲ್ಲಿ ಹೊಂಗೆ ನೆಡಿ, ಬೇರೆಯದಕ್ಕೆ ಹಣ ಹಾಕಬೇಡಿ.

ಒಂದು ಗುಂಡಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಸಾಕು. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕರೆದು ಕೂರಿಸಿದಂತೆ.

ಸಸಿ 3ರಿಂದ 4 ಅಡಿ ಎತ್ತರವಿರಲಿ, ಕಾಂಡ ಕಿರುಬೆರಳಿಗಿಂತ ದಪ್ಪವಿರಲಿ. ಎತ್ತರದ ಸಸಿಗೆ ಆಸೆಪಡಬೇಡಿ, ಚಿಕ್ಕ ಚೀಲದಲ್ಲಿ ಬಹಳ ದಿನ ಇದ್ದುದರ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿರುತ್ತದೆ. ಸುರುಳಿಯಾದ ಬೇರು ಬಿಚ್ಚಿಕೊಳ್ಳುವುದಿಲ್ಲ. ನಾಲ್ಕೈದು ವರ್ಷಕ್ಕೆ ಗಾಳಿಗೆ ಮರ ಬುಡಸಮೇತ ಒರಗುತ್ತದೆ. ಮುತ್ತುಗಕ್ಕೆ ಸಸಿಯೇ ಬೇಡ, ಕಾಯಿಯಲ್ಲಿರುವ ಒಂದೇ ಬೀಜವನ್ನು ಮಳೆಗಾಲದಲ್ಲಿ ನೇರ ನೆಲಕ್ಕೆ ಊರಿ. ಕಕ್ಕೆ ಬೀಜದ ಸಿಪ್ಪೆ ಗಟ್ಟಿ: ನೀರು ಕುದಿಸಿ ಒಲೆಯಿಂದ ಇಳಿಸಿ, ಬೀಜ ಹಾಕಿ ಒಂದು ದಿನ ಬಿಡಿ. ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಒರಟು ಸಿಮೆಂಟಿಗೆ ಉಜ್ಜಿ ಮತ್ತೆ ನೆನೆಹಾಕಿ. ಬೇವಿನ ಬೀಜ ಮೂರು ವಾರ ಕಳೆದರೆ ಸತ್ತಂತೆಯೇ, ಹಣ್ಣು ಬಿದ್ದ ಕೂಡಲೇ ತಿರುಳು ತೊಳೆದು ಹಾಕಬೇಕು.

ನೆಡುವುದು ಜುಲೈಯಿಂದ ಸೆಪ್ಟೆಂಬರಿನೊಳಗೆ. ನಮ್ಮ ಕಡೆ ಒಳ್ಳೆಯ ಮಳೆ ಸೆಪ್ಟೆಂಬರಿನಲ್ಲೇ. ಚೀಲದಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ಗಾಳಿ ಬೀಸುವ ಪಡುವಣ ಬದಿಗೆ ಊರುಗೋಲು ಕೊಟ್ಟು, ಹಳೆ ಬಟ್ಟೆಯಿಂದ ಸಡಿಲವಾಗಿ ಎಂಟರ ಆಕಾರದಲ್ಲಿ ಕಟ್ಟಿ. ಆಡು, ದನ ಬರದಂತೆ ಸುತ್ತ ಬಳ್ಳಾರಿ ಜಾಲಿಯ ಒಣಮುಳ್ಳು ಇಡಿ. ಅಮೆರಿಕ ಖಂಡದಿಂದ ಬಂದು ನಮ್ಮ ಊರಿನ ಹೆಸರು ಹೊತ್ತುಕೊಂಡ ಆ ಗಿಡದಿಂದ ಇಷ್ಟಾದರೂ ಉಪಯೋಗವಾಗಲಿ. ಕಾಯಿ ಇರುವ ಟೊಂಗೆ ಮಾತ್ರ ತರಬೇಡಿ.

ಮೊದಲ ಮೂರು ಬೇಸಿಗೆ

ಮೊದಲ ವರ್ಷ ಮಳೆಯಿಲ್ಲದ ವಾರದಲ್ಲಿ ಎರಡು ಸಲ 15 ಲೀಟರ್, ಮಾರ್ಚಿನಿಂದ ಮೂರು ದಿನಕ್ಕೊಮ್ಮೆ 20 ಲೀಟರ್. ಎರಡನೆಯ ವರ್ಷ ವಾರಕ್ಕೊಮ್ಮೆ 40, ಮೂರನೆಯ ವರ್ಷ ಹದಿನೈದು ದಿನಕ್ಕೊಮ್ಮೆ 60. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ, ಬೋರಿನ ಉಪ್ಪೂ ಅಲ್ಲೇ ಕೂರುತ್ತದೆ, ಎಲೆಯ ಅಂಚು ಸುಡುತ್ತದೆ. ಉದುರಿದ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುವ ಬದಲು ಪಾತಿಗೆ ನಾಲ್ಕು ಇಂಚು ದಪ್ಪ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು.

ಮೊದಲ ಶಿವರಾತ್ರಿಗೆ ಸಸಿ ಬೋಳಾದಾಗ ಸತ್ತಿತೆಂದು ಕಿತ್ತೆಸೆಯುವವರಿದ್ದಾರೆ. ಇನ್ನು ಕೆಲವರು ಗಾಬರಿಯಲ್ಲಿ ನೀರು ಸುರಿದು ಬೇರು ಕೊಳೆಸುತ್ತಾರೆ. ಎಲೆ ಹಳದಿಯಾಗಿ, ಮುಟ್ಟಿದರೆ ತೊಟ್ಟು ಸಮೇತ ಸುಲಭವಾಗಿ ಕಳಚಿದರೆ ಅದು ಮರ ತಾನಾಗಿ ಬಿಟ್ಟ ಎಲೆ. ಕಂದಾಗಿ ಮುದುಡಿ, ಎಳೆದರೂ ಬರದೆ ಕೊಂಬೆಗೇ ಅಂಟಿಕೊಂಡಿದ್ದರೆ ಆ ಕೊಂಬೆ ಸತ್ತಿದೆ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಮುತ್ತುಗದ ಸಸಿ ಬೇಸಿಗೆಯಲ್ಲಿ ನೆಲದ ಮೇಲೆ ಪೂರ್ತಿ ಒಣಗಿ ಮಳೆಗೆ ಬೇರಿನಿಂದ ಚಿಗುರುವುದು ಮಾಮೂಲು, ಜುಲೈವರೆಗೂ ಕಾಯಿರಿ. ಬೇವಿನ ಕೊಂಬೆಯ ತುದಿಗಳು ಮಳೆಗಾಲ ಮುಗಿಯುವ ಹೊತ್ತಿಗೆ ಸುಟ್ಟಂತೆ ಕಂದಾದರೆ ಅದು ತುದಿ ಒಣಗುವ ರೋಗ. ಒಣಗಿದ ಜಾಗದಿಂದ ಅರ್ಧ ಅಡಿ ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಬೇಸಿಗೆಯ ಚಿಗುರಿನಲ್ಲಿ ಬಹಳಷ್ಟು ಮರಗಳು ಚೇತರಿಸಿಕೊಳ್ಳುತ್ತವೆ. ಹೊಂಗೆ ಎಲೆಯ ಮೇಲೆ ಗಂಟು, ಬಿಳಿ ಗೀರು ಕಂಡರೆ ಔಷಧಿ ಹೊಡೆಯುವ ಅಗತ್ಯವಿಲ್ಲ, ಆ ಎಲೆ ಹೇಗೂ ಫೆಬ್ರವರಿಗೆ ಉದುರುತ್ತದೆ.