ಸೀರಿಯಲ್ ಪೋರ್ಟ್ ಕಾರ್ಡ್ ತಗೊಳೋ ಮುಂಚೆ ಒಂದ್ಸಲ ಓದ್ಕೊಳಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಫ್ಯಾಕ್ಟರೀಲಿ ಟೆಸ್ಟ್ ಬೆಂಚಿಂದ ಪಿಸಿಗೆ ಡೇಟಾ ಎಳೆಯೋರಿಗೆ ಇದು. ಸ್ಪೀಡ್ ಏರಿಸಿದ ತಕ್ಷಣ ಮಧ್ಯ ಮಧ್ಯ ಅಕ್ಷರ ಹಾರಿಹೋಗ್ತಿದ್ರೆ ಎಲ್ರೂ ಮೊದ್ಲು ಕೇಬಲ್ಲಿಗೇ ಬೈತಾರೆ, ಆದ್ರೆ ಎಷ್ಟೋ ಸಲ ತಪ್ಪು ಪೋರ್ಟಿನ ಯುಎಆರ್‌ಟಿ ಚಿಪ್ಪಿಂದು (ವೈರಲ್ಲಿ ಒಂದೊಂದೇ ಬಿಟ್ಟಾಗಿ ಬರೋದನ್ನ ಬೈಟ್ ಮಾಡಿ ಪಿಸಿಗೆ ಕೊಡೋ ಚಿಪ್). ಹಳೇ 8250, 16450 ಚಿಪ್ಪಲ್ಲಿ ಬಂದಿದ್ದನ್ನ ಇಟ್ಕೊಳೋಕೆ ಒಂದೇ ಬೈಟ್ ಜಾಗ, 115200 ಬಾಡ್‌ನಲ್ಲಿ (ಅಂದ್ರೆ ಸೆಕೆಂಡಿಗೆ 115200 ಬಿಟ್) ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತೆ, ಅಷ್ಟರೊಳಗೆ ಪಿಸಿ ಎತ್ಕೊಳ್ಲಿಲ್ವಾ, ಅದರ ಮೇಲೆ ಹೊಸದು ಬಂದು ಕೂತು ಹಳೇದು ಹೋಯ್ತು ಅಷ್ಟೇ. 16550ಎ ಚಿಪ್ಪಲ್ಲಿ 16 ಬೈಟ್ ಫಿಫೋ (ಮೊದ್ಲು ಬಂದದ್ದು ಮೊದ್ಲು ಹೊರಗೆ ಹೋಗೋ ಸಾಲು) ಇರುತ್ತೆ, ಅಂದ್ರೆ ಪಿಸಿಗೆ ಹೆಚ್ಚುಕಮ್ಮಿ 1.4 ಮಿಲಿಸೆಕೆಂಡ್ ಉಸಿರಾಡೋಕೆ ಟೈಮ್ ಸಿಗುತ್ತೆ. ಹೊಸ ಕಾರ್ಡ್ ತಗೊಳೋದಾದ್ರೆ ಇದಕ್ಕಿಂತ ಕಮ್ಮೀದು ಮುಟ್ಲೇಬೇಡಿ. ವಿಂಡೋಸಲ್ಲಿ ಡಿವೈಸ್ ಮ್ಯಾನೇಜರ್ ಒಳಗೆ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಫಿಫೋ ಬಫರ್ ಟಿಕ್ ಆಗಿದ್ಯಾ ನೋಡಿ, ಚಿಪ್ ಒಳ್ಳೇದಿದ್ರೂ ಅದು ಆಫ್ ಇದ್ರೆ ಏನ್ ಪ್ರಯೋಜನ.

ಯುಎಸ್‌ಬಿ ಕನ್ವರ್ಟರ್ರೇ ಗತಿ ಅಂದ್ರೆ ಎಫ್‌ಟಿಡಿಐ ಕಂಪನಿ ಚಿಪ್ಪಿಂದು ತಗೊಳಿ, ಆದ್ರೆ ಅದರ ಲೇಟೆನ್ಸಿ ಟೈಮರ್ (ಬಂದ ಡೇಟಾನ ಪಿಸಿಗೆ ಕಳ್ಸೋ ಮುಂಚೆ ಎಷ್ಟು ಹೊತ್ತು ಹಿಡ್ಕೊಂಡಿರ್ಬಹುದು ಅನ್ನೋದು) ಡೀಫಾಲ್ಟ್ 16 ಮಿಲಿಸೆಕೆಂಡ್ ಇರುತ್ತೆ, ಚಿಕ್ಕ ಚಿಕ್ಕ ಮೆಸೇಜ್ ಕಳಿಸಿ ಉತ್ತರಕ್ಕೆ ಕಾಯೋ ಕೆಲ್ಸ ಆದ್ರೆ ಕಮ್ಮಿ ಮಾಡ್ಕೊಳಿ. ಆರ್‌ಟಿಎಸ್, ಸಿಟಿಎಸ್ ವೈರೂ ('ಈಗ ಕಳ್ಸು, ಈಗ ನಿಲ್ಸು' ಅಂತ ಸಿಗ್ನಲ್ ಕೊಡೋವು) ಎಳೆದಿರೋ ಕೇಬಲ್ಲೇ ಇರ್ಲಿ, ಮೂರೇ ವೈರಿನ ಕೇಬಲ್ಲಲ್ಲಿ ಈ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ನಡೆಯಲ್ಲ.

ಮಂಡ್ಯ ಕಡೆ ಕಬ್ಬು ತೂಕದ ವೇಬ್ರಿಡ್ಜಿಗೆ 9600 ಬಾಡ್ ಓಡ್ಸೋರು ಇದಕ್ಕೆಲ್ಲ ದುಡ್ಡು ಸುರೀಬೇಡಿ, ಇರೋದೇ ಸಾಕು.