ಹಾಲ್‌ನಲ್ಲಿ ಪ್ರಿಂಟರ್, ರೂಮಿನಲ್ಲಿ ಫೈಲ್

ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ಅದರ ಪಕ್ಕದಲ್ಲೇ ಯುಎಸ್‌ಬಿ ಕೇಬಲ್‌ನಲ್ಲಿ ಕಟ್ಟಿಹಾಕಿದ ಲೇಸರ್ ಪ್ರಿಂಟರ್. ಮಗಳ ಲ್ಯಾಪ್‌ಟಾಪ್ ಒಳಗಿನ ರೂಮಿನಲ್ಲಿ. ನಡುವೆ ಇರುವುದು ಹತ್ತು ಹೆಜ್ಜೆ. ಆದರೂ ಅವಳಿಗೆ ಒಂದು ಪ್ರಿಂಟ್ ಬೇಕೆಂದರೆ ಫೈಲ್ ಮೊದಲು ನನ್ನ ವಾಟ್ಸ್‌ಆ್ಯಪ್‌ಗೆ ಬರುತ್ತಿತ್ತು. ನಾನು ಡೆಸ್ಕ್‌ಟಾಪ್‌ನಲ್ಲಿ ವಾಟ್ಸ್‌ಆ್ಯಪ್ ತೆರೆದು, ಡೌನ್‌ಲೋಡ್ ಮಾಡಿ, ಪ್ರಿಂಟ್ ಕೊಡಬೇಕು. ಪಕ್ಕದ ರೂಮಿಗೆ ಬರೋಕೆ ಫೈಲ್ ಊರೆಲ್ಲ ಸುತ್ತಿ ಬರುತ್ತಿತ್ತು. ಇಂಟರ್ನೆಟ್ ಇಲ್ಲದ ದಿನ ಪೆನ್‌ಡ್ರೈವ್ ಹುಡುಕಾಟ.

ಇದಕ್ಕೆಲ್ಲ ಮನೆಯ ವೈಫೈ ರೂಟರ್ ಒಂದೇ ಸಾಕು. ಎರಡೂ ಕಂಪ್ಯೂಟರ್ ಒಂದೇ ರೂಟರ್‌ಗೆ ಸೇರಿದ್ದರೆ ಅವು ನೇರವಾಗಿ ಮಾತಾಡಿಕೊಳ್ಳುತ್ತವೆ. ಒಂದು ವೈಫೈನಲ್ಲಿ, ಇನ್ನೊಂದು ಕೇಬಲ್‌ನಲ್ಲಿ ಇದ್ದರೂ ಆಗುತ್ತದೆ. ಇಂಟರ್ನೆಟ್ ಇರಲೇಬೇಕೆಂದಿಲ್ಲ, ರೂಟರ್‌ಗೆ ಕರೆಂಟ್ ಇದ್ದರಾಯಿತು. ಇಲ್ಲಿ ಹೇಳುವುದು ವಿಂಡೋಸ್ 11ರ ಲೆಕ್ಕದಲ್ಲಿ. 10ರಲ್ಲೂ ಇವೆಲ್ಲ ಇವೆ, ಜಾಗ ಸ್ವಲ್ಪ ಆಚೀಚೆ. ಹಳೆಯ ಲೇಖನಗಳಲ್ಲಿ 'ಹೋಮ್‌ಗ್ರೂಪ್' ಮಾಡಿಕೊಳ್ಳಿ ಎಂದಿದ್ದರೆ ಹುಡುಕಲು ಹೋಗಬೇಡಿ. ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಿದ್ದಾರೆ.

ಮೊದಲು ಬಾಗಿಲು ತೆಗೆಯಿರಿ

ಹೊಸ ವೈಫೈಗೆ ಸೇರಿದಾಗ ವಿಂಡೋಸ್ ಅದನ್ನು 'ಪಬ್ಲಿಕ್' ಎಂದುಕೊಳ್ಳುತ್ತದೆ. ಬಸ್ ಸ್ಟ್ಯಾಂಡ್, ಹೋಟೆಲ್ ವೈಫೈ ಇದ್ದಂತೆ. ಹಾಗಾಗಿ ಪಕ್ಕದ ಕಂಪ್ಯೂಟರ್‌ಗೆ ಮುಖವನ್ನೇ ತೋರಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್', ಅದರೊಳಗೆ 'ವೈಫೈ', ಆಮೇಲೆ ನಿಮ್ಮ ವೈಫೈ ಹೆಸರಿನ 'ಪ್ರಾಪರ್ಟೀಸ್'ಗೆ ಹೋಗಿ 'ಪ್ರೈವೇಟ್ ನೆಟ್‌ವರ್ಕ್' ಆರಿಸಿ. ಕೇಬಲ್‌ನಲ್ಲಿರುವ ಕಂಪ್ಯೂಟರ್ ಆದರೆ 'ವೈಫೈ' ಬದಲು 'ಈಥರ್‌ನೆಟ್'. 'ಪಬ್ಲಿಕ್' ಮುಂದೆ 'ರೆಕಮೆಂಡೆಡ್' ಎಂದು ಬರೆದಿರುತ್ತದೆ. ಅದನ್ನು ನೋಡಿ ಹೆದರಬೇಡಿ, ಮನೆಯಲ್ಲಿ ಪ್ರೈವೇಟ್ ಆದರೇ ಸರಿ. ಹೋಟೆಲ್‌ನಲ್ಲಿ ಮಾತ್ರ 'ಪಬ್ಲಿಕ್' ಆಗಿಯೇ ಬಿಡಿ. ಇದೇ ಪುಟದ ಕೆಳಗೆ 'ಐಪಿವಿ4 ಅಡ್ರೆಸ್' ಅಂತ ಒಂದು ನಂಬರ್ ಕಾಣುತ್ತದೆ, 192.168.1.5 ಎನ್ನುವ ಥರದ್ದು. ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ವಿಳಾಸ ಅದು. ಡೆಸ್ಕ್‌ಟಾಪ್‌ನದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 'ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್' ಒಳಗಿನ 'ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್' ತೆರೆಯಿರಿ. ಪ್ರೈವೇಟ್ ವಿಭಾಗದಲ್ಲಿ 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಆನ್ ಮಾಡಿ. ಎರಡೂ ಕಂಪ್ಯೂಟರ್‌ನಲ್ಲಿ ಇಷ್ಟು ಮಾಡಬೇಕು. ಕೆಳಗೆ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಎಂದಿದೆ. ಅದನ್ನು ಆಫ್ ಮಾಡಿದರೆ ಸುಲಭ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೇಳಬೇಡಿ. ಆಫ್ ಮಾಡಿದರೆ ನಿಮ್ಮ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರು ಬೇಕಾದರೂ ನೀವು ಹಂಚಿದ ಫೋಲ್ಡರ್‌ಗೆ ಕೈ ಹಾಕಬಹುದು. ಮನೆಗೆ ಬಂದ ನೆಂಟರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಟ್ಟಿರುತ್ತೇವೆ, ಅಲ್ವಾ?

ಪಿನ್ ಎಂಬ ತಲೆನೋವು

ಜಾಸ್ತಿ ಜನ ಸೋತು ಕೈಬಿಡುವುದು ಇಲ್ಲೇ. ನಮ್ಮ ಮನೆಯಲ್ಲೂ ಒಂದು ಭಾನುವಾರ ಬೆಳಗ್ಗೆ ಪೂರ್ತಿ ಇದರಲ್ಲೇ ಹೋಯಿತು. ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್ ತೆರೆಯಲು ಹೋದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. "ಅಪ್ಪಾ, ದಿನಾ ಹಾಕೋ ನಾಲ್ಕು ನಂಬರ್ರೇ ಹಾಕ್ತಿದೀನಿ, ತಪ್ಪು ಅಂತಾನೇ ಹೇಳ್ತಿದೆ" ಎಂದಳು ಮಗಳು. ನಾನೂ ಹಾಕಿ ನೋಡಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಎರಡೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ತಪ್ಪು ಇದ್ದದ್ದು ನಮ್ಮಲ್ಲೇ. ಪಿನ್ ಕೆಲಸ ಮಾಡುವುದು ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬರುವವರು ಅಕೌಂಟಿನ ನಿಜವಾದ ಪಾಸ್‌ವರ್ಡ್ ಕೊಡಬೇಕು. ಪಿನ್ ಹಾಕಿ ಹಾಕಿ ಆ ಪಾಸ್‌ವರ್ಡ್ ಏನಿತ್ತೆಂಬುದೇ ಮರೆತುಹೋಗಿರುತ್ತದೆ.

ಇದಕ್ಕೊಂದು ಒಳ್ಳೆಯ ದಾರಿಯಿದೆ. ಹಂಚಿಕೆಗೆ ಅಂತಲೇ ಡೆಸ್ಕ್‌ಟಾಪ್‌ನಲ್ಲಿ ಬೇರೆ ಅಕೌಂಟ್ ಮಾಡಿಬಿಡಿ. ಸೆಟ್ಟಿಂಗ್ಸ್‌ನಲ್ಲಿ 'ಅಕೌಂಟ್ಸ್', 'ಅದರ್ ಯೂಸರ್ಸ್', 'ಆ್ಯಡ್ ಅಕೌಂಟ್'. ಇಮೇಲ್ ಕೇಳುತ್ತದೆ, ಕೊಡಬೇಡಿ. ಈ ವ್ಯಕ್ತಿಯ ಸೈನ್-ಇನ್ ಮಾಹಿತಿ ನನ್ನ ಬಳಿ ಇಲ್ಲ ಎಂಬ ಅರ್ಥದ ಸಾಲನ್ನು ಒತ್ತಿ. ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಯೂಸರ್ ಸೇರಿಸುವ ಆಯ್ಕೆ ಸಿಗುತ್ತದೆ. ನಾವು 'ಮನೆ' ಎಂದು ಹೆಸರಿಟ್ಟು (ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಟೈಪ್ ಮಾಡಲು ಸುಲಭ) ಒಂದು ಗಟ್ಟಿ ಪಾಸ್‌ವರ್ಡ್ ಕೊಟ್ಟೆವು. ಮನೆಯವರಿಗೆಲ್ಲ ಅದೊಂದೇ.

ಫೋಲ್ಡರ್ ಹಂಚುವುದು

ಇನ್ನು ಸಲೀಸು. ಡೆಸ್ಕ್‌ಟಾಪ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಇಡೀ ಡ್ರೈವ್ ಹಂಚುವ ಆಸೆ ಬೇಡ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಶೇರಿಂಗ್' ಟ್ಯಾಬ್, 'ಶೇರ್' ಬಟನ್. ಪಟ್ಟಿಯಿಂದ 'ಮನೆ' ಅಕೌಂಟ್ ಆರಿಸಿ 'ಆ್ಯಡ್' ಒತ್ತಿ. ಪಕ್ಕದಲ್ಲಿ 'ರೀಡ್' ಅಥವಾ 'ರೀಡ್/ರೈಟ್' ಕೇಳುತ್ತದೆ. ಇಲ್ಲಿ ಒಂದು ನಿಮಿಷ ಯೋಚಿಸಿ. ನೆಟ್‌ವರ್ಕ್ ಮೂಲಕ ಅಳಿಸಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಹೋದರೆ ಹೋಯಿತು. ಆದ್ದರಿಂದ ಮದುವೆ ಫೋಟೊ, ಮನೆ ಪತ್ರಗಳ ಫೋಲ್ಡರ್‌ಗೆ 'ರೀಡ್' ಮಾತ್ರ. ಎಲ್ಲರೂ ಫೈಲ್ ತಂದು ಹಾಕಲು ಬೇರೆ ಫೋಲ್ಡರ್ ಮಾಡಿ, ಅದಕ್ಕೆ 'ರೀಡ್/ರೈಟ್' ಕೊಡಿ.

ಈಗ ಲ್ಯಾಪ್‌ಟಾಪ್‌ಗೆ ಬನ್ನಿ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ \\192.168.1.5 ಎಂದು, ಅಂದರೆ ನೀವು ಚೀಟಿಯಲ್ಲಿ ಬರೆದಿಟ್ಟ ಡೆಸ್ಕ್‌ಟಾಪ್‌ನ ನಂಬರ್ ಹೊಡೆದು ಎಂಟರ್ ಒತ್ತಿ. ನಂಬರ್‌ಗೆ ಮೊದಲು ಬರುವ ಎರಡೂ ಗೀಟು ಹಿಂದಕ್ಕೆ ವಾಲಿದವೇ (\) ಇರಲಿ. 'ಮನೆ' ಮತ್ತು ಅದರ ಪಾಸ್‌ವರ್ಡ್ ಕೊಟ್ಟು, ನೆನಪಿಟ್ಟುಕೊಳ್ಳುವ ಬಾಕ್ಸ್‌ಗೆ ಟಿಕ್ ಹಾಕಿ. ಫೋಲ್ಡರ್ ಕಾಣುತ್ತದೆ. ರೈಟ್ ಕ್ಲಿಕ್ ಮಾಡಿ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಕೊಟ್ಟರೆ ಸಿ, ಡಿ ಡ್ರೈವ್‌ಗಳ ಸಾಲಿನಲ್ಲೇ ಬಂದು ಕೂರುತ್ತದೆ.

ಕೆಲವು ದಿನ ಬಿಟ್ಟು ಇದ್ದಕ್ಕಿದ್ದಂತೆ ಸಿಗದಿದ್ದರೆ ರೂಟರ್ ಆ ನಂಬರ್ ಬದಲಿಸಿರಬಹುದು. ಬ್ರೌಸರ್‌ನಲ್ಲಿ ತೆರೆಯುವ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಡೆಸ್ಕ್‌ಟಾಪ್‌ಗೆ ಒಂದು ನಂಬರ್ ಕಾಯ್ದಿರಿಸಬಹುದು. 'ಅಡ್ರೆಸ್ ರಿಸರ್ವೇಷನ್' ಎಂಬ ಥರದ ಹೆಸರಿರುತ್ತದೆ. ಆ ಪುಟದ ವಿಳಾಸ ಸಾಮಾನ್ಯವಾಗಿ 192.168.1.1, ಜಿಯೋಫೈಬರ್ ಆದರೆ 192.168.29.1. ರೂಟರ್ ಒಳಗೆ ಹೋದಾಗ ಒಂದು ಮಾತು: ಹೊರಗಿನಿಂದಲೂ ಫೈಲ್ ಸಿಗಲಿ ಎಂದು 445ನೇ ಪೋರ್ಟ್, ಅಂದರೆ ಫೈಲ್ ಹಂಚಿಕೆ ಓಡಾಡುವ ಬಾಗಿಲನ್ನು, ತೆರೆದುಬಿಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಕೆಡಿಸಿದ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದೇ ದಾರಿಯಲ್ಲಿ.

ಪ್ರಿಂಟರ್‌ಗೆ ಎರಡು ದಾರಿ

ನಿಮ್ಮದು ಯುಎಸ್‌ಬಿ ಪ್ರಿಂಟರ್ ಆದರೆ, ಅದಕ್ಕೆ ಜೋಡಿಸಿದ ಕಂಪ್ಯೂಟರ್‌ನಲ್ಲಿ 'ಬ್ಲೂಟೂತ್ ಅಂಡ್ ಡಿವೈಸಸ್', 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್', ನಿಮ್ಮ ಪ್ರಿಂಟರ್, 'ಪ್ರಿಂಟರ್ ಪ್ರಾಪರ್ಟೀಸ್'. ಅಲ್ಲಿ 'ಶೇರಿಂಗ್' ಟ್ಯಾಬ್‌ನಲ್ಲಿ 'ಶೇರ್ ದಿಸ್ ಪ್ರಿಂಟರ್'ಗೆ ಟಿಕ್ ಹಾಕಿ, ನಡುವೆ ಜಾಗ ಬಿಡದ ಚಿಕ್ಕ ಹೆಸರು ಕೊಡಿ. ಲ್ಯಾಪ್‌ಟಾಪ್‌ನಿಂದ ಮೊದಲಿನ ಹಾಗೆಯೇ \\192.168.1.5 ತೆರೆದರೆ ಫೋಲ್ಡರ್ ಪಕ್ಕದಲ್ಲಿ ಪ್ರಿಂಟರ್ ಕೂತಿರುತ್ತದೆ. ರೈಟ್ ಕ್ಲಿಕ್ ಮಾಡಿ 'ಕನೆಕ್ಟ್' ಕೊಡಿ. ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಹಾಕಲು ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ.

0x0000011b ಎಂಬ ಎರರ್ ಬಂದರೆ ಎರಡೂ ಕಂಪ್ಯೂಟರ್‌ನ ವಿಂಡೋಸ್ ಅಪ್‌ಡೇಟ್ ಪೂರ್ತಿ ಮಾಡಿ ನೋಡಿ. ಪ್ರಿಂಟಿಂಗ್‌ನಲ್ಲಿದ್ದ ಭದ್ರತೆಯ ತೂತುಗಳನ್ನು 2021ರಲ್ಲಿ ಮುಚ್ಚಿದ ಮೇಲೆ ಬಹಳ ಜನರಿಗೆ ಕಾಡಿದ ಎರರ್ ಇದು. ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತ) ತಿದ್ದಿ ಎಂದು ಹೇಳುವ ವಿಡಿಯೊಗಳಿವೆ. ಮುಚ್ಚಿದ ತೂತನ್ನು ಮತ್ತೆ ತೆಗೆದಂತೆ ಅದು, ನನ್ನ ಮತ ಬೇಡ ಎಂದೇ.

ಈ ದಾರಿಯ ದೊಡ್ಡ ತೊಂದರೆ ಬೇರೆ. ಡೆಸ್ಕ್‌ಟಾಪ್ ಎಚ್ಚರ ಇದ್ದರೆ ಮಾತ್ರ ಪ್ರಿಂಟ್. ಅದು ಸ್ಲೀಪ್‌ಗೆ ಹೋದರೆ ಫೈಲೂ ಇಲ್ಲ, ಪ್ರಿಂಟೂ ಇಲ್ಲ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಸಮಯ ಹೆಚ್ಚಿಸಿಕೊಳ್ಳಿ. ಹೊಸದಾಗಿ ಕೊಳ್ಳುವವರು ಸ್ವಲ್ಪ ದುಡ್ಡು ಜಾಸ್ತಿಯಾದರೂ ವೈಫೈ ಪ್ರಿಂಟರನ್ನೇ ತೆಗೆದುಕೊಳ್ಳಿ. ಅದು ಯಾರ ಹಂಗೂ ಇಲ್ಲದೆ ನೇರ ರೂಟರ್‌ಗೆ ಸೇರುತ್ತದೆ. ನಮ್ಮತ್ತೆ ಈಚೆಗೆ ಅಂಥದ್ದೊಂದನ್ನು ತರಿಸಿಕೊಂಡರು. ಭಜನೆ ಹಾಳೆಗಳನ್ನು ದಪ್ಪ ಅಕ್ಷರದಲ್ಲಿ ಫೋನ್‌ನಿಂದಲೇ ಪ್ರಿಂಟ್ ಹಾಕಿ ಭಜನಾ ಮಂಡಳಿಯವರಿಗೆ ಹಂಚುತ್ತಾರೆ. ಆಂಡ್ರಾಯ್ಡ್‌ನ 'ಡಿಫಾಲ್ಟ್ ಪ್ರಿಂಟ್ ಸರ್ವಿಸ್', ಐಫೋನ್‌ನ 'ಏರ್‌ಪ್ರಿಂಟ್' ಇಂಥ ಪ್ರಿಂಟರ್‌ಗಳನ್ನು ತಾವೇ ಹುಡುಕಿಕೊಳ್ಳುತ್ತವೆ. ವಿಂಡೋಸ್‌ನಿಂದ ಹಂಚಿದ ಯುಎಸ್‌ಬಿ ಪ್ರಿಂಟರ್ ಅವಕ್ಕೆ ಕಾಣುವುದಿಲ್ಲ. ಹಾಗೆಯೇ ಕಡಿಮೆ ಬೆಲೆಯ ಎಷ್ಟೋ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, 5 ಗಿಗಾಹರ್ಟ್ಸ್ ಹೆಸರು ಅವುಗಳ ಪಟ್ಟಿಯಲ್ಲೇ ಬರುವುದಿಲ್ಲ. ಫೋನ್ 'ಗೆಸ್ಟ್' ವೈಫೈನಲ್ಲಿದ್ದರೂ ಪ್ರಿಂಟರ್ ಸಿಗದು, ಗೆಸ್ಟ್ ಇರುವುದೇ ಬೇರೆಯಾಗಿಡಲು.

ಫೋನ್‌ನಲ್ಲಿ ಫೋಲ್ಡರ್ ತೆರೆಯಬೇಕೆಂದರೆ ಐಫೋನ್‌ನ 'ಫೈಲ್ಸ್' ಆ್ಯಪ್‌ನಲ್ಲಿ 'ಕನೆಕ್ಟ್ ಟು ಸರ್ವರ್' ಇದೆ. ಸ್ಯಾಮ್‌ಸಂಗ್‌ನ 'ಮೈ ಫೈಲ್ಸ್'ನಲ್ಲಿ 'ನೆಟ್‌ವರ್ಕ್ ಸ್ಟೋರೇಜ್' ಇದೆ. ಬರೀ ವಿಡಿಯೊ ನೋಡಲು ವಿಎಲ್‌ಸಿ ಆ್ಯಪ್ ಸಾಕು.

ಕನ್ನಡದವರಿಗೆ ಬರುವ ಇನ್ನೊಂದು ಫಜೀತಿ ಇದೆ. ಹಂಚಿದ ಫೋಲ್ಡರ್‌ನಲ್ಲಿದ್ದ ಸಂಘದ ಹಳೆಯ ವರದಿಯನ್ನು ಮಗಳು ತೆರೆದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಫೈಲ್ ಕೆಟ್ಟಿರಲಿಲ್ಲ. ಅದು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ ಹಳೆಯ 'ನುಡಿ' ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಫೋಲ್ಡರ್ ಹಂಚಿದರೆ ಫಾಂಟ್ ಜೊತೆಗೆ ಹೋಗುವುದಿಲ್ಲ. ಅಂಥ ಫೈಲನ್ನು ಫಾಂಟ್ ಇರುವ ಕಂಪ್ಯೂಟರ್‌ನಲ್ಲೇ ತೆರೆದು ಪಿಡಿಎಫ್ ಮಾಡಿ ಫೋಲ್ಡರ್‌ಗೆ ಹಾಕಿ, ಇಲ್ಲವೇ ಆ ಫಾಂಟನ್ನು ಇನ್ನೊಂದು ಕಂಪ್ಯೂಟರ್‌ಗೂ ಹಾಕಿಕೊಳ್ಳಿ.